ಸ್ಕೆಚ್‌ಬುಕ್ ತುಂಬಿಸಲು ಏನು ಬಿಡಿಸಲಿ? ನಾನು ಬಳಸಿ ನೋಡಿದ ದಾರಿಗಳ ಹೋಲಿಕೆ

ಖಾಲಿ ಪುಟದ ಮುಂದೆ ಕೂತಾಗ ಕೈ ಸಿದ್ಧವಾಗಿಯೇ ಇರುತ್ತದೆ, ತಲೆ ಓಡುವುದಿಲ್ಲ. ಏನು ಬಿಡಿಸಲಿ? ಇದಕ್ಕೆ ಜನ ಹೇಳುವ ದಾರಿಗಳು ಹಲವು. ಅವುಗಳಲ್ಲಿ ಕೆಲವನ್ನು ಸಾಕಷ್ಟು ದಿನ ಬಳಸಿ ನೋಡಿದ್ದೇನೆ. ಅಳೆಯಲು ನಾನು ಇಟ್ಟುಕೊಂಡ ಪ್ರಶ್ನೆ ಒಂದೇ: ಒಂದು ಪುಟ ಮುಗಿದಾಗ ಮುಂದಿನ ಪುಟಕ್ಕೆ ಏನಾದರೂ ತಾನಾಗಿ ಹೊಳೆಯುತ್ತದಾ, ಇಲ್ಲ ಮತ್ತೆ ಮೊದಲಿಂದ ಹುಡುಕಬೇಕಾ?

ಜಾಸ್ತಿ ಜನ ಶುರು ಮಾಡುವುದು ಪ್ರಾಂಪ್ಟ್ ಪಟ್ಟಿಯಿಂದ. ದಿನಕ್ಕೊಂದು ಪದ, ಪದಕ್ಕೊಂದು ಚಿತ್ರ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ಶುರು ಮಾಡಿದ ಇಂಕ್ಟೋಬರ್ ಇವುಗಳಲ್ಲಿ ಹೆಸರುವಾಸಿ. ಅಕ್ಟೋಬರ್ ತಿಂಗಳ 31 ದಿನ, 31 ಶಾಯಿ ಚಿತ್ರ. ಏನು ಬಿಡಿಸಲಿ ಅನ್ನುವ ತಲೆನೋವು ಇಲ್ಲ, ದಿನವೂ ಕೂರುವ ಅಭ್ಯಾಸ ಬರುತ್ತದೆ. ಆದರೆ ಪದ ಓದಿದ ಕೂಡಲೇ ಹೊಳೆಯುವುದು ಎಲ್ಲರಿಗೂ ಹೊಳೆಯುವ ಚಿತ್ರವೇ. ‘ಭಾರ’ ಅಂದರೆ ಮೂಟೆ ಹೊತ್ತ ಮನುಷ್ಯ. ಮೊದಲು ಬಂದ ಎರಡು ಮೂರನ್ನು ಪಕ್ಕಕ್ಕಿಟ್ಟು ಇನ್ನೂ ಸ್ವಲ್ಪ ಯೋಚಿಸಿದರೆ, ಪುಸ್ತಕಗಳ ಭಾರಕ್ಕೆ ನಡುವೆ ಬಾಗಿದ ಹಲಗೆ ಸಿಗಬಹುದು. ಅದು ನಿಮ್ಮದೇ ಚಿತ್ರ. ಕೊರತೆ ಏನೆಂದರೆ, ಇವತ್ತಿನ ಪದಕ್ಕೂ ನಾಳಿನ ಪದಕ್ಕೂ ಸಂಬಂಧವೇ ಇಲ್ಲ. ಪಟ್ಟಿ ಮುಗಿದ ದಿನ ಮತ್ತೆ ಅದೇ ಖಾಲಿ ಪುಟ.

ಆನ್‌ಲೈನ್‌ನಲ್ಲಿ ಚಿತ್ರ ಹುಡುಕುವುದು ಇನ್ನೊಂದು ದಾರಿ. ಸ್ಫೂರ್ತಿಗೆ ಇದು ನನಗೆ ಅಷ್ಟು ಹಿಡಿಸಲಿಲ್ಲ. ಬೆರಳು ಸ್ಕ್ರೀನ್ ಜಾರಿಸುತ್ತಲೇ ಇರುತ್ತದೆ, ಪೆನ್ಸಿಲ್ ಪಕ್ಕದಲ್ಲೇ ಬಿದ್ದಿರುತ್ತದೆ. ಅದೂ ಅಲ್ಲದೆ ಎಲ್ಲಿಂದ ನೋಡಬೇಕು, ಏನನ್ನು ಬಿಡಬೇಕು ಅನ್ನುವುದನ್ನು ಫೋಟೋ ತೆಗೆದವರು ಆಗಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಚಿತ್ರ ಬಿಡಿಸುವುದರಲ್ಲಿ ಅರ್ಧ ಖುಷಿ ಇರುವುದೇ ಅಲ್ಲಿ, ಅಲ್ವಾ? ಹಾರುವ ಹಕ್ಕಿಯ ರೆಕ್ಕೆ ಹೇಗೆ ಮಡಚುತ್ತದೆ ಅಂತ ತಿಳಿಯಬೇಕಾದಾಗ ಮಾತ್ರ ಫೋಟೋಗೆ ಸಾಟಿಯಿಲ್ಲ.

ಗೋಡೆ, ಕಾಗದದ ಮೇಲೆ ಬಿದ್ದ ಕಲೆಗಳಿಂದ ಶುರು ಮಾಡುವುದೂ ಒಂದು ಹಳೆಯ ಉಪಾಯ. ಕಲೆ ಬಿದ್ದ ಗೋಡೆಗಳನ್ನು ದಿಟ್ಟಿಸಿ ನೋಡಿ, ಅಲ್ಲಿ ಬೆಟ್ಟ, ನದಿ, ಮುಖ ಎಲ್ಲ ಕಾಣುತ್ತವೆ ಅಂತ ಲಿಯೊನಾರ್ಡೊ ಡಾ ವಿಂಚಿ ಬರೆದಿಟ್ಟಿದ್ದಾರೆ. ಬ್ರಷ್ ತೊಳೆದ ನೀರನ್ನು ಪುಟದ ಮೇಲೆ ಚೆಲ್ಲಿ, ಒಣಗಿದ ಮೇಲೆ ಕಂಡದ್ದಕ್ಕೆ ಗೆರೆ ಎಳೆದರೆ ಸಾಕು. ದಣಿದ ದಿನಕ್ಕೆ ಇದು ಒಳ್ಳೆಯದು. ದಿನಾ ಮಾಡಿದರೆ ಬರೀ ಮುಖಗಳೇ ಕಾಣತೊಡಗುತ್ತವೆ.

ಎದುರಿಗಿರುವುದನ್ನೇ ಬಿಡಿಸುವುದು ಇವೆಲ್ಲಕ್ಕಿಂತ ಒಂದು ಕೈ ಮೇಲು. ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಬಳಗದವರು ಇದನ್ನೇ ನಿಯಮ ಮಾಡಿಕೊಂಡಿದ್ದಾರೆ: ಜಾಗದಲ್ಲೇ ಕೂತು, ಕಣ್ಣಾರೆ ನೋಡಿ ಬಿಡಿಸಬೇಕು. ಹೊರಗೆ ಹೋಗಲೇಬೇಕು ಅಂತೇನಿಲ್ಲ. ಬಾಗಿಲ ಬಳಿ ಬಿಟ್ಟ ಹಳೆಯ ಚಪ್ಪಲಿ ನೋಡಿ. ಹಿಮ್ಮಡಿ ಒಂದು ಕಡೆಗೆ ಮಾತ್ರ ಸವೆದಿರುತ್ತದೆ. ಹೆಬ್ಬೆರಳು ಊರುವ ಕಡೆ ಕಪ್ಪಗಿನ ಗುಳಿ. ಪಟ್ಟಿಯ ಹೊಲಿಗೆ ಒಂದೇ ಕಡೆ ಬಿಟ್ಟಿರುತ್ತದೆ. ಇದಾವುದೂ ನೆನಪಿನಿಂದ ಬಿಡಿಸಿದರೆ ಬರುವುದಿಲ್ಲ. ಕಾಗದ ನೋಡದೆ, ಪೆನ್ನು ಎತ್ತದೆ, ಕಣ್ಣನ್ನು ಚಪ್ಪಲಿಯ ಅಂಚಿನ ಮೇಲೆಯೇ ನಿಧಾನಕ್ಕೆ ಸಾಗಿಸುತ್ತಾ ಗೆರೆ ಎಳೆಯಿರಿ. ಚಿತ್ರ ಸೊಟ್ಟಗೆ ಬರುತ್ತದೆ, ಬರಲಿ. ನೋಡಿದ್ದು ಅದರಲ್ಲಿ ಇರುತ್ತದೆ.

ಇದನ್ನೇ ಇನ್ನೂ ಮುಂದಕ್ಕೆ ಒಯ್ದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಸಿಗುತ್ತದೆ: ಒಂದೇ ವಸ್ತುವನ್ನು ಮತ್ತೆ ಮತ್ತೆ ಬಿಡಿಸುವುದು. ಜಪಾನಿನ ಚಿತ್ರಕಾರ ಹೊಕುಸಾಯ್ ಎಪ್ಪತ್ತರ ವಯಸ್ಸಿನ ಆಸುಪಾಸಿನಲ್ಲಿ ಫ್ಯೂಜಿ ಪರ್ವತದ 36 ನೋಟಗಳ ಸರಣಿ ಶುರು ಮಾಡಿದರು. ಅದು ಅಲ್ಲಿಗೆ ನಿಲ್ಲದೆ 46ಕ್ಕೆ ಬೆಳೆಯಿತು. ಒಂದರಲ್ಲಿ ದೊಡ್ಡ ಅಲೆಯ ಕೆಳಗೆ ಪರ್ವತ ಪುಟ್ಟದಾಗಿ ಕೂತಿದೆ. ಇನ್ನೊಂದರಲ್ಲಿ ಒಬ್ಬ ದೊಡ್ಡ ಪೀಪಾಯಿ ಮಾಡುತ್ತಿದ್ದಾನೆ, ಅದರ ವೃತ್ತದೊಳಗಿಂದ ಅದೇ ಪರ್ವತ ಇಣುಕುತ್ತದೆ. ನನಗೆ ಚಪ್ಪಲಿಯಲ್ಲೂ ಹೀಗೇ ಆಯಿತು. ಮೇಲಿಂದ ಬಿಡಿಸುವಾಗ ಅಡಿಭಾಗದ ಗೀರು ಹೇಗಿದೆ ನೋಡಬೇಕು ಅನ್ನಿಸಿತು. ಅಡಿಭಾಗ ಮುಗಿಯುವಷ್ಟರಲ್ಲಿ ನೆರಳು ಮಾತ್ರ ಬಿಡಿಸಬೇಕು ಅನ್ನಿಸಿತು. ಆಮೇಲೆ ಪಟ್ಟಿಗಳ ನಡುವಿನ ಖಾಲಿ ಜಾಗ. ಮೊದಲ ಒಂದೆರಡು ಪುಟ ಬೇಸರ ಅನ್ನಿಸುವುದು ನಿಜ, ಅದನ್ನು ದಾಟಬೇಕು. ದಾಟಿದರೆ ಪುಟವೇ ಮುಂದಿನ ಪುಟವನ್ನು ಕೊಡುತ್ತದೆ.

ಹಾಗಂತ ಪ್ರಾಂಪ್ಟ್ ಪಟ್ಟಿ ಬಿಸಾಡಬೇಕಿಲ್ಲ. ಪದ ಓದಿ ಕಣ್ಣು ಮುಚ್ಚಿ ಕಲ್ಪಿಸುವ ಬದಲು, ಎದ್ದು ಕೋಣೆಯಲ್ಲಿ ಅದನ್ನು ಹುಡುಕಿ. ‘ಗಂಟು’ ಅಂತ ಬಂದರೆ ಶೂ ಲೇಸ್ ಇದೆ, ಸಿಕ್ಕು ಹಾಕಿಕೊಂಡ ಇಯರ್‌ಫೋನ್ ವೈರ್ ಇದೆ, ಮರದ ಮೇಜಿನ ಮೇಲಿನ ಕಪ್ಪು ಗಂಟಿದೆ. ಒಂದೇ ಪದಕ್ಕೆ ಮೂರು ಪುಟ ಆಯಿತು, ಮೂರೂ ನೀವೇ ನೋಡಿ ಬಿಡಿಸಿದ್ದು.