ಲೀಸೆಲೊಟ್ಟೆ ಪುಲ್ವರ್ ಡಿಸ್ಕ್‌ಗಳು: ಕೊಳ್ಳುವ ಮೊದಲು

ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 1929ರಲ್ಲಿ ಹುಟ್ಟಿದ ನಟಿ ಪುಲ್ವರ್ ಅವರ ಹಳೆಯ ಚಿತ್ರಗಳನ್ನು ಜರ್ಮನಿಯಿಂದ ತರಿಸುವವರು ಮೊದಲು ನೋಡಬೇಕಾದ್ದು ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡುತ್ತದೆ ಎಂಬ ಗುರುತು. ಅಲ್ಲಿನ ಡಿವಿಡಿ 2, ನಮ್ಮದು 5. ಬ್ಲೂ-ರೇ ಅಲ್ಲಿ ಬಿ, ಇಲ್ಲಿ ಸಿ. ಕೋಡ್ ಬಿಡಿಸಿದ ಪ್ಲೇಯರ್ ಇಲ್ಲದಿದ್ದರೆ ದುಡ್ಡು ದಂಡ. ಪಾಲ್ ಎಂಬ ಹಳೆಯ ಟಿವಿ ಪದ್ಧತಿಯ ಡಿವಿಡಿಯಲ್ಲಿ ಸೆಕೆಂಡಿಗೆ ಸಿನಿಮಾದ 24ರ ಬದಲು 25 ಫ್ರೇಮ್ ಓಡುವುದರಿಂದ 100 ನಿಮಿಷದ ಚಿತ್ರ 96ಕ್ಕೇ ಮುಗಿಯುತ್ತದೆ. ಕತ್ತರಿಸಿದ್ದಾರೆಂದು ಗಾಬರಿ ಬೇಡ. ಆದರೆ ದನಿ ಕೊಂಚ ಕೀರಲಾಗುತ್ತದೆ, ಪುಲ್ವರ್ ಅವರ ಆ ಪ್ರಸಿದ್ಧ ನಗುವಿಗೆ ಇದು ಅನ್ಯಾಯವೇ! ಬ್ಲೂ-ರೇ 24ರಲ್ಲೇ ಇದ್ದರೆ ಅದನ್ನೇ ಆರಿಸಿ.

ಶುರುವಿಗೆ 1955ರ 'ಇಶ್ ಡೆಂಕೆ ಓಫ್ಟ್ ಆನ್ ಪಿರೋಷ್ಕಾ'. ಹಂಗೇರಿಯ ಸ್ಟೇಷನ್ ಮಾಸ್ಟರ್ ಮಗಳ ತೊದಲು ಜರ್ಮನ್ನೇ ಇಲ್ಲಿ ಅರ್ಧ ಅಭಿನಯ. ಡಬ್ ಆದ ಪ್ರತಿ ಕೊಂಡರೆ ಅದೇ ಹೋಯಿತು. ಕುರ್ಟ್ ಹಾಫ್‌ಮನ್ ನಿರ್ದೇಶನದ್ದೇ ಆದ 'ದಾಸ್ ವಿರ್ಟ್‌ಸ್‌ಹೌಸ್ ಇಮ್ ಶ್ಪೆಸಾರ್ಟ್' (1958) ಹಾಡು, ಡಕಾಯಿತರು, ಗಂಡುವೇಷದ ತಮಾಷೆ. ಇಲ್ಲಿ ಪುಲ್ವರ್ ನಡಿಗೆಯನ್ನೇ ಬದಲಿಸಿದ್ದಾರೆ, ಗಮನಿಸಿ.

'ಉಲಿ ದೆರ್ ಕ್ನೆಖ್ಟ್' (1954) ಬರ್ನ್ ಆಡುಮಾತಿನದು. ಶಾಲೆಯ ಜರ್ಮನ್ ಸಾಲದು, ಸಬ್‌ಟೈಟಲ್ ಇದೆಯೇ ಎಂದು ಕವರಿನ ಹಿಂಬದಿ ಓದಿ. ಬಿಲ್ಲಿ ವೈಲ್ಡರ್ ಅವರ 'ಒನ್, ಟೂ, ಥ್ರೀ' (1961) ಮೂಲದಲ್ಲೇ ಇಂಗ್ಲಿಷ್. ಚುಕ್ಕೆ ಬಟ್ಟೆಯಲ್ಲಿ ಮೇಜಿನ ಮೇಲಿನ ಕುಣಿತ ಒಂದಕ್ಕೇ ಕೊಟ್ಟ ಬೆಲೆ ವಸೂಲು. 1962ರ 'ಕೋಲ್‌ಹೀಸೆಲ್ಸ್ ಟ್ಯೋಖ್ಟರ್' ದ್ವಿಪಾತ್ರದ ಕುತೂಹಲವಿದ್ದವರಿಗೆ ಮಾತ್ರ.