ಸಿಡ್ನಿ ಮನೆಗೆ ಜೇಡದ ಸ್ಪ್ರೇ: ಕೆಲವು ಬೇಸಿಗೆ ಬಳಸಿದ ಮೇಲೆ

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಇದು ಮನೆಯ ಹೊರಗೆ ಹೊಡೆಯುವ ಸ್ಪ್ರೇ. ಬೈಫೆಂತ್ರಿನ್ ಅನ್ನೋ ಕೀಟನಾಶಕ ಇರುವ ದೊಡ್ಡ ಕ್ಯಾನ್, ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ತಿಂಗಳುಗಟ್ಟಲೆ ರಕ್ಷಣೆ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ. ಇರುವೆ, ಜಿರಲೆ ಮಟ್ಟಿಗೆ ಅದು ಸರಿ. ಜೇಡಕ್ಕೆ ಅರ್ಧ ಸರಿ.

ಯಾಕೆಂದರೆ ಜೇಡ ಕಾಲಿನ ತುದಿಯಲ್ಲಿ ನಡೆಯುತ್ತದೆ, ಮೈ ನೆಲಕ್ಕೆ ಅಷ್ಟಾಗಿ ತಾಗುವುದಿಲ್ಲ. ಅದರಲ್ಲೂ ರೆಡ್‌ಬ್ಯಾಕ್ ಅನ್ನೋ ಇಲ್ಲಿನ ವಿಷದ ಜೇಡದ ಹೆಣ್ಣು ಬಲೆ ಬಿಟ್ಟು ಕದಲುವುದೇ ಅಪರೂಪ, ಗೋಡೆಗೆ ಹೊಡೆದ ಔಷಧ ಅದನ್ನೇನು ಮಾಡೀತು? ಕಂಡ ಜೇಡಕ್ಕೇ ನೇರ ಹೊಡೆದರೆ ಮಾತ್ರ ಸಾಯುತ್ತದೆ. ಹಾಗಾಗಿ ಹುಡುಕುವುದೇ ನಿಜವಾದ ಕೆಲಸ.

ರಾತ್ರಿ ಟಾರ್ಚ್ ಹಿಡಿದು ಹೋಗಿ. ಪ್ಲಾಸ್ಟಿಕ್ ಕುರ್ಚಿಯ ಅಡಿ, ಕಸದ ಬಿನ್ನಿನ ಹಿಡಿ, ಕರಿಬೇವಿನ ಕುಂಡದ ಅಂಚು, ಮಕ್ಕಳ ಸೈಕಲ್ಲಿನ ಸೀಟಿನ ಕೆಳಗೆ ನೋಡಿ. ರೆಡ್‌ಬ್ಯಾಕ್ ಹೆಣ್ಣಿಗೆ ಕಡಲೆಕಾಳಿನಷ್ಟು ಹೊಳೆಯುವ ಕಪ್ಪು ಹೊಟ್ಟೆ, ಬೆನ್ನ ಮೇಲೆ ಕೆಂಪು ಪಟ್ಟೆ. ಬಲೆಗೆ ಅಂದಚಂದ ಏನೂ ಇಲ್ಲ, ಸುಮ್ನೆ ಗೋಜಲು, ಅದರಿಂದ ನೆಲಕ್ಕೆ ಬಿಗಿಯಾಗಿ ಎಳೆದ ಕೆಲವು ಅಂಟು ದಾರ. ಕಡ್ಡಿಯಿಂದ ಎಳೆದರೆ ಚಿಟಚಿಟ ಅಂತ ಕಿತ್ತು ಬರುತ್ತದೆ, ಬೇರೆ ಬಲೆಗಳು ಹೀಗೆ ಸದ್ದು ಮಾಡಿದ್ದು ನಾನು ಕೇಳಿಲ್ಲ. ಪಕ್ಕದಲ್ಲೇ ಕೆನೆ ಬಣ್ಣದ ಗುಂಡು ಮೊಟ್ಟೆಚೀಲ ನೇತಾಡುತ್ತಿದ್ದರೆ ಅದನ್ನು ಬಿಡಬೇಡಿ. ಒಂದರಲ್ಲೇ 250 ಮೊಟ್ಟೆ ಇರಬಹುದು, ಮತ್ತೆ ಆ ಚೀಲದೊಳಗೆ ಸ್ಪ್ರೇ ಸರಿಯಾಗಿ ಇಳಿಯುವುದಿಲ್ಲ. ದಪ್ಪ ಗ್ಲೌಸ್ ಹಾಕಿ, ಪೊರಕೆಯಲ್ಲಿ ಕೆಡವಿ, ಬೂಟಿನಲ್ಲಿ ಹೊಸಕಿಬಿಡಿ.

ಫನಲ್‌ವೆಬ್ ಅನ್ನೋ ಬಿಲದ ವಿಷಜೇಡದ ವಿಷಯಕ್ಕೆ ಈ ಕ್ಯಾನನ್ನು ನಂಬಿ ಕೂರಬೇಡಿ. ಅದರ ಬಿಲ ತೇವದ ಕಲ್ಲು, ಮರದ ದಿಮ್ಮಿಗಳ ಅಡಿ ಇರುತ್ತದೆ. ಬೇಸಿಗೆಯಲ್ಲಿ ಮಳೆ ಬಂದ ಮೇಲೆ ಗಂಡುಗಳು ಹೆಣ್ಣು ಹುಡುಕಿಕೊಂಡು ಅಲೆಯುತ್ತವೆ, ಸಿಡ್ನಿ ಫನಲ್‌ವೆಬ್‌ನಲ್ಲಿ ಹೆಚ್ಚು ಅಪಾಯವೂ ಗಂಡಿನದೇ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಹೊರಗೆ ಬಿಟ್ಟ ಚಪ್ಪಲಿ ಬೂಟು ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಕೈಕಾಲು ಅಲುಗಾಡಿಸದೆ ಇಲ್ಲಿನ ತುರ್ತು ನಂಬರ್ 000ಗೆ ಫೋನ್ ಮಾಡಿ. 1981ರಲ್ಲಿ ಇದಕ್ಕೆ ಪ್ರತಿವಿಷ ಬಂದ ಮೇಲೆ ಸಾವು ಆಗಿಲ್ಲ. ರೆಡ್‌ಬ್ಯಾಕ್ ಕಚ್ಚಿದರೆ ಬ್ಯಾಂಡೇಜ್ ಬೇಡ, ನೋವು ಜಾಸ್ತಿಯಾಗುತ್ತದೆ. ಐಸ್ ಇಟ್ಟು ಡಾಕ್ಟರ ಹತ್ತಿರ ಹೋಗಿ.

ಊರಿಂದ ಬಂದ ಅಮ್ಮ ಗೋಡೆ ಮೇಲೆ ಅಂಗೈ ಅಗಲದ ಹಂಟ್ಸ್‌ಮನ್ ನೋಡಿ "ಮೊದಲು ಅದಕ್ಕೆ ಹೊಡೆಯೋ ಮಾರಾಯ" ಅಂದರು. ಬೇಡ ಅಂದೆ. ನಮ್ಮ ಹಂಚಿನ ಮನೆ ಗೋಡೆಗೆ ಅಂಟಿಕೊಂಡಿರುವ ದೊಡ್ಡ ಜೇಡದ ನೆಂಟನೇ ಇದು, ಜಿರಲೆ ತಿಂದುಕೊಂಡು ಇರುತ್ತದೆ, ಇರಲಿ ಬಿಡಿ ಅಲ್ವಾ?

ಇನ್ನೊಂದು, ಈ ಔಷಧ ಮೀನಿಗೂ ಜೇನುನೊಣಕ್ಕೂ ವಿಷ. ಕೊಳ, ಚರಂಡಿ, ಹೂ ಬಿಟ್ಟ ಗಿಡಗಳ ಹತ್ತಿರ ಹೊಡೆಯಬೇಡಿ. ವರ್ಷದ ಪ್ಯಾಕೇಜ್ ಅಂತ ಒಂದು ಕಂಪನಿಯವರನ್ನೂ ಕರೆಸಿದ್ದೆ. ಬಂದು ಗೋಡೆಗುಂಟ ಹೊಡೆದು ಹೋದರು, ಒಂದು ಬಲೆಯನ್ನೂ ತೆಗೆಯಲಿಲ್ಲ, ದುಡ್ಡು ಮಾತ್ರ ಜೋರು.

ಮತ್ತೆ ಕೊಳ್ಳುತ್ತೀರಾ ಅಂದರೆ, ಹೌದು. ಆದರೆ ಸಣ್ಣ ಕ್ಯಾನ್. ಗ್ಯಾರೇಜ್ ಬಾಗಿಲ ಅಂಚಿಗೂ ಪೊರಕೆ ಹೋಗದ ಸಂದಿಗಳಿಗೂ ಅಷ್ಟು ಸಾಕು.