ಕಿಟಕಿಗೆ ಸನ್ ಕಂಟ್ರೋಲ್ ಫಿಲ್ಮ್: ಅಂಟಿಸಿದ ಮೇಲೆ ಏನಾಗುತ್ತದೆ?

ಪಶ್ಚಿಮದ ಬಿಸಿಲು ಬೀಳುವ ಕಿಟಕಿಗೆ ಈ ಫಿಲ್ಮ್, ಅಂದರೆ ಬಿಸಿಲು ತಡೆಯಲು ಗಾಜಿಗೆ ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ, ಹಾಕಿಸುವುದು ನಿಜಕ್ಕೂ ಒಳ್ಳೆಯದು. ಆದರೆ ಮೊದಲ ಕೆಲವು ದಿನ ಗಾಜು ಮಂಜಾಗಿ ಕಂಡರೆ ಗಾಬರಿ ಬೇಡ. ಸೋಪುನೀರು ಸಿಂಪಡಿಸಿ ಅಂಟಿಸುವುದರಿಂದ ಒಳಗುಳಿದ ತೇವ ಸಣ್ಣ ಗುಳ್ಳೆಗಳಾಗಿ ನಿಲ್ಲುತ್ತದೆ, ನಿಧಾನವಾಗಿ ಆರಿಹೋಗುತ್ತದೆ. ಬಿಸಿಲಿದ್ದರೆ ಬೇಗ, ಮಳೆಗಾಲದಲ್ಲಿ 30 ದಿನವೂ ಹಿಡಿಯಬಹುದು. ಸೂಜಿಯಿಂದ ಚುಚ್ಚಲೇಬೇಡಿ. ಗಟ್ಟಿ ಚುಕ್ಕೆಯಂತೆ ಉಳಿದದ್ದು ಧೂಳು, ಅದು ಹೋಗುವುದಿಲ್ಲ. ತುಂಬ ಇದ್ದರೆ ಆ ಹಾಳೆಯನ್ನೇ ಬದಲಿಸಿಕೊಡಲು ಕೇಳಿ. ಅಂಚಿನಲ್ಲಿ 1–2 ಮಿ.ಮೀ. ಜಾಗ ಬಿಟ್ಟಿರುವುದು ದೋಷವಲ್ಲ, ಫ್ರೇಮಿಗೆ ತಾಗಿದರೆ ಫಿಲ್ಮ್ ಏಳುತ್ತದೆ. ಒಂದು ತಿಂಗಳು ಒರೆಸಬೇಡಿ. ಆಮೇಲೂ ಅಮೋನಿಯಾ ಇರುವ ಕ್ಲೀನರ್ ಬೇಡ. ಕನ್ನಡಿಯಂತೆ ಹೊಳೆಯುವ ಫಿಲ್ಮ್ ಹಗಲಲ್ಲಿ ಮಾತ್ರ ಮರೆ. ರಾತ್ರಿ ದೀಪ ಹಾಕಿದರೆ ಹೊರಗಿನವರಿಗೆ ಒಳಗೆಲ್ಲ ಕಾಣುತ್ತದೆ, ಪರದೆ ಇರಲೇಬೇಕು.